ಯಂತ್ರ ಆರುವ ಮುನ್ನ

"ಅಯ್ಯೋ, ಹಾಗೆ ಆಫ್ ಮಾಡಬೇಡಿ!"

ಗೋಡೆಯ ಸ್ವಿಚ್ಚಿನ ಮೇಲಿದ್ದ ಅವಳ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡರು.

ತಿರುಗಿ ನೋಡಿದಳು. ಎತ್ತರದ ಮನುಷ್ಯ. ಕೊರಳಿಗೆ ನೇತುಬಿದ್ದ ಹೆಡ್‌ಫೋನು. ಪಕ್ಕದ ಕೋಣೆಯಿಂದ ಓಡಿಬಂದಿದ್ದಕ್ಕೆ ಏದುಸಿರು.

ಬೇರೆ ದಿನಗಳಲ್ಲಾಗಿದ್ದರೆ, ಅಪರಿಚಿತನೊಬ್ಬ ಹೀಗೆ ಕೈ ಹಿಡಿದದ್ದಕ್ಕೆ ಅವಳು ಕೆಂಡವಾಗುತ್ತಿದ್ದಳು. ಈಗ ಆ ಬೆರಳುಗಳು ಬೆಚ್ಚಗಿವೆ ಅನ್ನುವುದಷ್ಟೇ ತಿಳಿಯಿತು. ಅದೂ ದೂರದಿಂದ... ಬೇರೆ ಯಾರದೋ ಕೈಯನ್ನು ಹಿಡಿದ ಹಾಗೆ.

"ಕ್ಷಮಿಸಿ..." ಅವನೇ ಕೈ ಬಿಟ್ಟ. "ನೀವು ಬೆಳಿಗ್ಗೆಯಿಂದ ಓದಿದ್ದೆಲ್ಲಾ ಇನ್ನೂ ಒಳಗೇ ಇದೆ. ಸ್ವಿಚ್ ಒತ್ತಿದ್ರೆ ಅಷ್ಟೂ ಹೋಗ್ಬಿಡ್ತಿತ್ತು."

"ಹೋದ್ರೆ ಹೋಗ್ಲಿ ಬಿಡಿ."

ಅವನು ಬೆಚ್ಚಿ ಅವಳ ಮುಖ ನೋಡಿದ. ಅವನನ್ನು ಬೆಚ್ಚಿಸಿದ್ದು ಆ ದನಿ.

"ನೀವು... ಅಮ್ಮನ ಮಗಳು ಅಲ್ವಾ?" ಎಂದವನು, ತನ್ನ ಮಾತಿಗೆ ತಾನೇ ನಾಚಿಕೊಂಡ. "ಅಂದ್ರೆ... ನಾವೆಲ್ಲಾ ಅವರನ್ನ ಅಮ್ಮ ಅಂತಲೇ ಕರೀತಿದ್ವಿ."

ಅವಳು ತಲೆಯಾಡಿಸಿದಳು.

ಆ ಮಹಡಿಯಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿ ಮುದ್ರಿಸುತ್ತಿದ್ದರು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆ, ಒಂದು ಮೇಜು, ಒಂದು ಮೈಕು, ಒಂದು ಹಳೆಯ ಲಿನಕ್ಸ್ ಕಂಪ್ಯೂಟರ್. ಅವಳ ಅಮ್ಮ ವರ್ಷಗಟ್ಟಲೆ ಕೂತು ಓದಿದ್ದು ಇಲ್ಲೇ. ಓದುವ ಮುಂಚೆ ಮೈಕಿಗೂ ಒಮ್ಮೆ ಕೈ ಮುಗಿಯುತ್ತಿದ್ದಳಂತೆ.

ಅಮ್ಮ ಈಗಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಹೊರಟವಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಳು. ಮತ್ತೆ ಏಳಲಿಲ್ಲ.

ಓದುತ್ತಿದ್ದ ಪುಸ್ತಕ ಅರ್ಧಕ್ಕೇ ನಿಂತಿತ್ತು. ಹೊಳೆಯ ಆಚೆ ಈಚೆ ಬದುಕುವ ಇಬ್ಬರ ಕಥೆ ಹೇಳುವ ಉದ್ದನೆಯ ಕಾವ್ಯ ಅದು. ಸಂಸ್ಥೆಯ ಮೇಡಂ ಮನೆಗೇ ಬಂದು, "ನಿನ್ನ ದನಿ ಥೇಟ್ ಅಮ್ಮನದೇ ಕಣಮ್ಮಾ. ಕೇಳೋರು ಕಾಯ್ತಾ ಕೂತಿದಾರೆ. ಉಳಿದದ್ದು ನೀನೇ ಓದಿಬಿಡು," ಎಂದಿದ್ದರು.

ಆಗಲಿ ಎಂದಿದ್ದಳು. ಆಗಲ್ಲ ಅನ್ನುವುದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲವೇ!

"ಬನ್ನಿ, ತೋರಿಸ್ತೀನಿ," ಎಂದು ಅವನು ಪರದೆಯ ಮುಂದೆ ಬಾಗಿದ. "ಈ ಯಂತ್ರದ ಡಿಸ್ಕ್ ಹಳೇದು. ತಿರುಗೋಕೆ ಶುರು ಮಾಡಿದ್ರೆ ಕೊರ್ ಅನ್ನತ್ತೆ, ಮೈಕಿಗೆ ಸಿಗತ್ತೆ. ಅದಕ್ಕೇ ನೀವು ಓದುವಾಗ ಡಿಸ್ಕನ್ನ ಮಲಗಿಸಿಬಿಡ್ತೀನಿ. ಓದಿದ್ದೆಲ್ಲಾ ಬರೀ ಮೆಮೊರಿಯಲ್ಲಿರತ್ತೆ, ಕರೆಂಟ್ ಹೋದ್ರೆ ಅಳಿಸಿಹೋಗತ್ತೆ. ಸಂಜೆ ನೀವು ಇಲ್ಲಿ ಒತ್ತಿದ್ರೆ, ಯಂತ್ರ ಆರೋ ಮುಂಚೆ ನಾನು ಬರೆದಿಟ್ಟ ಒಂದು ಸ್ಕ್ರಿಪ್ಟ್, ಅಂದ್ರೆ ಪುಟ್ಟ ಪ್ರೋಗ್ರಾಂ, ತಾನಾಗೇ ಓಡತ್ತೆ. ಆ ದಿನದ ಓದನ್ನೆಲ್ಲ ಎತ್ತಿಕೊಂಡು ಹೋಗಿ ಆಚೆ ಇರೋ ದೊಡ್ಡ ಕಂಪ್ಯೂಟರಿಗೆ, ಸರ್ವರಿಗೆ ಸೇರಿಸತ್ತೆ. ಅಮ್ಮ ಅದಕ್ಕೆ ಭಂಡಾರ ಅಂತಿದ್ರು."

ಪರದೆಯ ಮೇಲೆ ಎರಡು ಗುಂಡಿಗಳಿದ್ದವು. *ಮುಚ್ಚು. ಮತ್ತೆ ಆರಂಭಿಸು.* ಅಮ್ಮನಿಗೆ ಅನುಕೂಲವಾಗಲೆಂದು ಅವನೇ ಕನ್ನಡದಲ್ಲಿ ಬರೆದದ್ದು.

ಅವಳು 'ಮುಚ್ಚು' ಒತ್ತಿದಳು. ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು: *ಓದು ಭಂಡಾರ ಸೇರಿತು.* ಯಂತ್ರ ಆರಿತು.

"ಅಮ್ಮನ ಕೊನೇ ದಿನದ ಓದೂ ಅಲ್ಲಿದೆಯಾ?" ಎಂದು ಕೇಳಿದಳು.

ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತ.

ಆ ದಿನ ಅಮ್ಮ ಓದಿದ್ದು ದೀಪದ ಅಧ್ಯಾಯ. ಅವಳಿಗೆ ಅದು ಗೊತ್ತಿತ್ತು. ಮಧ್ಯಾಹ್ನ ಅಮ್ಮ ಫೋನ್ ಮಾಡಿದ್ದಳು. "ಇವತ್ತು ದೀಪದ ಅಧ್ಯಾಯ ಕಣೇ ಚಿನ್ನು! ಎರಡು ಸಾಲು ಹೇಳ್ತೀನಿ, ಕೇಳು..."

"ಬಸ್ಸಲ್ಲಿದೀನಿ ಅಮ್ಮಾ, ಏನೂ ಕೇಳಿಸ್ತಿಲ್ಲ. ಆಮೇಲೆ ಮಾಡು."

ಆಮೇಲೆ ಅನ್ನುವುದು ಬರಲೇ ಇಲ್ಲ.

* * *

ಅವನು ಉತ್ತರ ಕೊಡದ ಕಾರಣ ತಿಳಿಸಿದವರು ಮೇಡಂ. ಮರುದಿನ ಚಹಾ ಕುಡಿಯುತ್ತಾ, ಏನೋ ಹವಾಮಾನದ ಸುದ್ದಿ ಹೇಳುವವರಂತೆ ಹೇಳಿಬಿಟ್ಟರು.

"ಪಾಪ, ಆ ಮೌನಿ ಅವತ್ತು ಮಧ್ಯಾಹ್ನಾನೇ ಸ್ಕ್ರಿಪ್ಟ್ ಬದಲಾಯಿಸಿದ್ನಂತೆ ಕಣಮ್ಮಾ. ಸಂಜೆ ಅದು ಕೈ ಕೊಡ್ತು. ಅಮ್ಮ ಓದಿದ್ದು ಭಂಡಾರಕ್ಕೆ ಬರಲೇ ಇಲ್ಲ."

ಮೌನಿ! ಅಮ್ಮನೇ ಇಟ್ಟ ಅಡ್ಡಹೆಸರು. ಹಗಲೆಲ್ಲ ಕಿವಿ ಮುಚ್ಚಿಕೊಂಡು ಬೇರೆಯವರ ದನಿ ಕೇಳುವವನಿಗೆ ಮತ್ತೇನು ಹೆಸರಿಡಬೇಕು?

ಅವಳು ಅವನ ಕೋಣೆಯ ಬಾಗಿಲಲ್ಲಿ ನಿಂತಳು.

"ಅಮ್ಮನ ಓದು ಹೋಗಿದ್ದು ನಿಮ್ಮಿಂದಾನಾ?"

ಅವನು ಎದ್ದು ನಿಂತ. "ಹೌದು."

"ಹೇಗೆ?"

"ಯಂತ್ರ ಆರುವಾಗ ಒಳಗಿನ ಕೆಲಸಗಳು ಒಂದೊಂದಾಗಿ ನಿಲ್ತವೆ. ಕೊನೇಲಿ ಎದ್ದಿದ್ದು ಮೊದಲು ಮಲಗತ್ತೆ. ನೆಟ್‌ವರ್ಕ್ ಮಲಗೋ ಮುಂಚೆ ನನ್ನ ಸ್ಕ್ರಿಪ್ಟ್ ಓಡಬೇಕಿತ್ತು. ನಾನು ಕ್ರಮ ತಪ್ಪಿಸಿದ್ದೆ. ಹೊರಗೆ ಕಳಿಸೋ ಹೊತ್ತಿಗೆ ದಾರಿಯೇ ಇರಲಿಲ್ಲ..." ಅವನು ಪರದೆಯ ಕಡೆ ತಿರುಗಿದ. "ಮಾರನೇ ದಿನ ನೋಡಿದಾಗ ಗೊತ್ತಾಯ್ತು. ಸರಿ ಮಾಡಿದೆ. ಆದ್ರೆ ಅಷ್ಟರಲ್ಲಿ..."

ಅವಳು ತನ್ನೊಳಗೆ ಸಿಟ್ಟಿಗಾಗಿ ಹುಡುಕಿದಳು. ಮನೆಯಲ್ಲಿ ದೀಪ ಹೋದಾಗ ಬೆಂಕಿಪೊಟ್ಟಣಕ್ಕೆ ತಡಕಾಡುವ ಹಾಗೆ. ಎಲ್ಲಿಯೂ ಸಿಗಲಿಲ್ಲ.

"ಸರಿ," ಎಂದಷ್ಟೇ ಹೇಳಿ ಹೊರಟುಹೋದಳು.

ಬೈದಿದ್ದರೆ ಅವನಿಗೆ ಉಸಿರಾಡಲು ಬರುತ್ತಿತ್ತೇನೋ... ಆ ಒಣ 'ಸರಿ' ಎದೆಯ ಮೇಲೆ ಕೂತುಬಿಟ್ಟಿತು.

* * *

ದಿನಗಳು ಹೋದವು.

ಅವಳು ಬರುತ್ತಿದ್ದಳು. ಓದುತ್ತಿದ್ದಳು. 'ಮುಚ್ಚು' ಒತ್ತಿ ಹೋಗುತ್ತಿದ್ದಳು. ಎರಡು ಕೋಣೆಗಳ ನಡುವಿನ ಗಾಜಿನ ಆಚೆ ಅವನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಪ್ರತಿ ಸಾಲನ್ನೂ ಕೇಳುತ್ತಿದ್ದ. ಅವಳ ಉಸಿರು ತಪ್ಪಿದರೆ ಅವನ ಬೆರಳು ತಾನಾಗಿ ಮೇಲೇಳುತ್ತಿತ್ತು. ಅವಳು ಮತ್ತೆ ಓದುತ್ತಿದ್ದಳು. ಅಷ್ಟೇ ಅವರ ಸಂಭಾಷಣೆ.

"ನಿಮ್ಮಿಬ್ಬರ ಮಾತುಕತೆ ರೆಕಾರ್ಡ್ ಮಾಡಿದ್ರೆ ಎಡಿಟಿಂಗ್ ಕೆಲಸಾನೇ ಇಲ್ಲ ನೋಡು," ಎಂದು ಮೇಡಂ ರೇಗಿಸುತ್ತಿದ್ದರು. "ಮೊದಲಿಂದ ಕೊನೇವರೆಗೂ ಸೊನ್ನೆ!"

ಮೇಜಿನ ಮೇಲೆ ಪ್ರತಿ ಬೆಳಿಗ್ಗೆ ಅಮ್ಮನ ಹಳೆಯ ಲೋಟದಲ್ಲಿ ಬಿಸಿನೀರು ಇರುತ್ತಿತ್ತು. ಮೇಡಂ ಇಡುತ್ತಾರೆ ಎಂದುಕೊಂಡಿದ್ದಳು. ಯಾರನ್ನೂ ಕೇಳಲಿಲ್ಲ. ಕುಡಿಯುತ್ತಿದ್ದಳು.

ಮನೆಯಲ್ಲಿ ಚಿಕ್ಕಮ್ಮ ಒಂದು ದಿನ ಊಟ ಬಡಿಸಿ ಎದುರಿಗೇ ಕೂತಳು.

"ಉಪ್ಪು ಸರಿಯಾಗಿದೆಯೇನೇ?"

"ಹೂಂ."

"ಉಪ್ಪೇ ಹಾಕಿಲ್ಲ ಕಣೇ!" ಚಿಕ್ಕಮ್ಮನ ಕಣ್ಣು ತುಂಬಿತು. "ಬೇಕಂತಲೇ ಹಾಕಲಿಲ್ಲ. ಒಂದು ಸಲ ಆದ್ರೂ ಬೈತೀಯೇನೋ ನೋಡೋಣ ಅಂತ... ಅಕ್ಕ ಹೋದಾಗಿನಿಂದ ನೀನು ಒಂದು ಹನಿ ಕಣ್ಣೀರು ಹಾಕಿಲ್ಲ. ಹೀಗೇ ಇದ್ರೆ ಏನಾಗ್ತೀಯೋ ಮಗಳೇ?"

ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು ಎದ್ದಳು. ಚಿಕ್ಕಮ್ಮನ ಭುಜ ತಟ್ಟಬೇಕು ಎಂದು ನೆನಪಾದದ್ದು ಕೈ ತೊಳೆದಾದ ಮೇಲೆ.

ಕಾವ್ಯ ಮುಗಿಯುತ್ತಾ ಬಂತು. ಅವಳು ಓದದೆ ಬಿಟ್ಟಿದ್ದು ದೀಪದ ಅಧ್ಯಾಯ ಒಂದೇ.

"ಅದೊಂದು ಓದಿಬಿಡು ಕಣಮ್ಮಾ," ಮೇಡಂ ಮೆಲ್ಲಗೆ ಹೇಳಿದರು. "ಅದಿಲ್ಲದೆ ಪುಸ್ತಕ ಹೊರಗೆ ಕೊಡೋಕಾಗಲ್ಲ."

"ಅದು ಅಮ್ಮ ಓದಿಯಾಗಿದೆ."

"ಓದಿದ್ದು ಸಿಗಲ್ವಲ್ಲ..."

*ನಾನು ಓದಿದರೆ, ಅಮ್ಮ ಓದಲೇ ಇಲ್ಲ ಎಂದಾಗುತ್ತದೆ.* ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಗಾಜಿನ ಆಚೆ ಕೂತವನು ಮಾತ್ರ ತಲೆ ತಗ್ಗಿಸಿದ. ಕೇಳಿಸಿತೇನೋ ಎಂಬ ಹಾಗೆ!

ಕಡೆಗೆ ಒಪ್ಪಿಕೊಂಡಳು. ಶುಕ್ರವಾರ ಓದುತ್ತೇನೆ ಎಂದಳು.

* * *

ಶುಕ್ರವಾರ ಮೈಕಿನ ಮುಂದೆ ಕೂತವಳಿಗೆ ದನಿಯೇ ಹೊರಡಲಿಲ್ಲ.

ಮೊದಲ ಸಾಲು ಶುರು ಮಾಡಿದಳು, ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಿತು. ಮಧ್ಯಾಹ್ನ ಕಳೆದು ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತು. ನೀರಿನ ಲೋಟ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

ಹೊರಗೆ ಮೇಡಂ ಮತ್ತು ಅವನು ಮಾತಾಡುತ್ತಿದ್ದರು. ಬಾಗಿಲು ಸ್ವಲ್ಪ ತೆರೆದಿತ್ತು.

"ಇವತ್ತೇ ಕೊನೇ ದಿನಾನೇನಪ್ಪಾ? ಇನ್ನೊಂದು ಸಲ ಯೋಚನೆ ಮಾಡಬಾರ್ದಾ?"

"ಸೋಮವಾರದಿಂದ ಹೊಸ ಕೆಲಸಕ್ಕೆ ಬರ್ತೀನಿ ಅಂತ ಹೇಳಿಬಿಟ್ಟಿದೀನಿ ಮೇಡಂ." ಅವನ ದನಿ. "ಒಂದು ಮಾತು... ಬೆಳಿಗ್ಗೆ ಅವರ ಮೇಜಿಗೆ ನೀರು ಬಿಸೀದೇ ಇಡಿಸಿ. ತಣ್ಣೀರು ಕುಡಿದ್ರೆ ಅವರ ಗಂಟಲು ಹಿಡಿಯತ್ತೆ. ಅಮ್ಮನಿಗೂ ಹಾಗೇ ಆಗ್ತಿತ್ತು."

ಅವಳು ಲೋಟ ನೋಡಿದಳು.

ಇಷ್ಟು ದಿನ... ಇವನಾ?

ಎದೆಯ ಆಳದಲ್ಲಿ ಏನೋ ಒಂದಿಷ್ಟು ಅಲುಗಿತು. ಜೋಮು ಹಿಡಿದ ಕಾಲಿಗೆ ರಕ್ತ ಹರಿಯುವಾಗ ಮೊದಲು ಚುಚ್ಚುತ್ತದಲ್ಲ, ಹಾಗೆ.

ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ. ಹೆಗಲಿಗೆ ಚೀಲ. ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟ.

"ಇದು ಇಲ್ಲೀದೇ. ಇಲ್ಲೇ ಇರಲಿ," ಎಂದ. "ನಾನು... ನಿಮ್ಮ ಕಣ್ಣೆದುರು ದಿನಾ ಓಡಾಡ್ಕೊಂಡು ನಿಮಗೆ ಕಷ್ಟ ಕೊಟ್ಟೆ. ಅಮ್ಮನ ಓದು ನನ್ನಿಂದ ಹೋಯ್ತು. ಕ್ಷಮೆ ಕೇಳೋಕೂ ಬಾಯಿ ಬರ್ತಿಲ್ಲ." ಹೆಗಲ ಚೀಲ ಸರಿಮಾಡಿಕೊಂಡ. "ನಾನು ಹೋಗ್ತೀನಿ."

"ಹೋಗ್ತೀನಿ ಅನ್ನಬಾರ್ದು!"

ಅವಳ ಬಾಯಿಂದ ತಾನಾಗಿ ಬಂತು. ಇಬ್ಬರೂ ಬೆಚ್ಚಿದರು. ಅಮ್ಮನೇ ಗದರಿದ ಹಾಗಿತ್ತು.

"ಅಂದ್ರೆ..." ಅವಳು ತಡವರಿಸಿದಳು. "ಹೋಗಿ ಬರ್ತೀನಿ ಅನ್ನಬೇಕು. ಹಾಗೆ ಹೇಳದೆ ಅಮ್ಮ ನನ್ನನ್ನ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ. ಮನುಷ್ಯರಿರಲಿ, ಈ ಕಂಪ್ಯೂಟರಿಗೂ ಅದೇ ಲೆಕ್ಕ ಅವಳದ್ದು."

"ಕಂಪ್ಯೂಟರಿಗಾ?"

"ಹೂಂ. ಒಂದು ಸಲ ಅವಳನ್ನ ಕರ್ಕೊಂಡು ಹೋಗೋಕೆ ಬಂದಿದ್ದೆ. 'ಮುಚ್ಚು ಒತ್ತಮ್ಮಾ, ಹೊತ್ತಾಯ್ತು' ಅಂದೆ. 'ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಮುಚ್ಚು ಅಂತ ಒತ್ತೋದೇನೇ? ನಾಳೆ ನಾನು ಬರಬೇಡವಾ?' ಅಂತ ನನ್ನನ್ನೇ ಬೈದ್ಳು. ಯಾವಾಗ್ಲೂ 'ಮತ್ತೆ ಆರಂಭಿಸು' ಒತ್ತಿನೇ ಮನೆಗೆ ಬರ್ತಿದ್ದಿದ್ದು."

ಅವನ ಹೆಗಲಿನಿಂದ ಚೀಲ ಜಾರಿ ನೆಲಕ್ಕೆ ಬಿತ್ತು.

"ಏನಂದ್ರಿ?"

"ಯಾಕೆ? ಏನಾಯ್ತು?"

"ಅಮ್ಮ 'ಮುಚ್ಚು' ಒತ್ತುತ್ತಲೇ ಇರಲಿಲ್ವಾ? ಒಂದು ದಿನಾನೂ?!"

"ಇಲ್ಲ."

ಅವನು ಕುರ್ಚಿಗೂ ಕಾಯದೆ ಮೇಜಿನ ಮುಂದೆ ಮಂಡಿಯೂರಿ ಕೀಲಿಮಣೆ ಎಳೆದುಕೊಂಡ.  ಮೌನಿ ಎಂದು ಹೆಸರು ಪಡೆದವನು ಒಂದೇ ಸಮನೆ ಮಾತಾಡತೊಡಗಿದ.

"ಮೊದಲು ಯಾವ ಗುಂಡಿ ಒತ್ತಿದ್ರೂ ಓದು ಭಂಡಾರಕ್ಕೇ ಹೋಗ್ತಿತ್ತು. ದಿನಾ ಸಂಜೆ ಮೇಡಂ ಮಹಡಿಯ ಮೇನ್ ಸ್ವಿಚ್ ಆಫ್ ಮಾಡ್ತಿದ್ರು, ಅದಕ್ಕೇ ಅಮ್ಮ ಯಾವುದು ಒತ್ತಿದ್ರು ಅಂತ ಯಾರಿಗೂ ಗೊತ್ತಾಗಲಿಲ್ಲ. ಅವತ್ತು ಮಧ್ಯಾಹ್ನ ನಾನು ಬದಲಾಯಿಸಿದ್ದು ಇದನ್ನೇ! ಮುಚ್ಚಿದ್ರೆ ಭಂಡಾರಕ್ಕೆ ಕಳಿಸು. ಮತ್ತೆ ಆರಂಭಿಸಿದ್ರೆ ದೂರ ಕಳಿಸಬೇಡ, ಇಲ್ಲೇ ಡಿಸ್ಕಿನಲ್ಲಿ ಪಕ್ಕಕ್ಕಿಟ್ಟಿರು. ಮತ್ತೆ ಆರಂಭಿಸೋರು ಹೇಗೂ ವಾಪಸ್ ಬಂದು ಕೂರ್ತಾರಲ್ಲ ಅಂತ..."

"ಮತ್ತೆ ಅವತ್ತೇ ಯಾಕೆ ನೋಡಲಿಲ್ಲ?"

"ನೆಟ್‌ವರ್ಕಿನ ತಪ್ಪು ಕಣ್ಣಿಗೆ ಬಿತ್ತು. ನಂದೇ ತಪ್ಪು ಅಂತ ಗೊತ್ತಾದ ಮೇಲೆ... ಮುಂದೆ ಹುಡುಕೋಕೆ ಕೈ ಬರಲಿಲ್ಲ." ಅವನು ತಲೆ ಎತ್ತಲಿಲ್ಲ. "ಮನೆಗೆ ಹೋಗೋರು ಯಾರಾದ್ರೂ ರೀಸ್ಟಾರ್ಟ್ ಒತ್ತಿ ಹೋಗ್ತಾರೆ ಅಂತ ನನ್ನ ತಲೆಗೆ ಹೇಗೆ ಹೊಳೀಬೇಕು, ನೀವೇ ಹೇಳಿ!"

ಮಲಗಿದ್ದ ಹಳೆಯ ಡಿಸ್ಕ್ ಕೊರ್ ಎಂದು ಎದ್ದಿತು.

ಪರದೆಯ ಮೇಲೆ ಒಂದೇ ಒಂದು ಕಡತ ಕಾಣಿಸಿತು. ಅಮ್ಮ ಹೋದ ದಿನದ ತಾರೀಕು.

ಅವನು ಹೆಡ್‌ಫೋನ್ ಎತ್ತಿ ಅವಳ ಕಿವಿಗೆ ಇಟ್ಟ. ಅವಳು ಅದನ್ನು ತೆಗೆದು, ಮೇಜಿನ ಸ್ಪೀಕರ್ ಕಡೆ ಕೈ ತೋರಿಸಿದಳು.

"ಇಬ್ಬರೂ ಕೇಳೋಣ."

ಮೊದಲು ಉಸಿರು ಕೇಳಿಸಿತು. ಕೈ ಮುಗಿದಾಗ ಬಳೆ ತಾಗುವ ಸಣ್ಣ ಸದ್ದು. ಆಮೇಲೆ...

"*ಈ ದಡದ ದೀಪ ಆ ದಡಕೆ ಕಾಣುವುದು,*
*ನಡುವೆ ನೀರಿರುವುದನು ದೀಪವರಿಯದು...*"

ಅಮ್ಮ!

ಅವಳು ಅಲುಗಾಡದೆ ಕೂತಳು. ಅವನು ನೆಲದ ಮೇಲೆ ಕೂತು ಕಣ್ಣು ಮುಚ್ಚಿದ. ಬಾಗಿಲಲ್ಲಿ ಬಂದು ನಿಂತ ಮೇಡಂ ಚಪ್ಪಲಿ ಬಿಟ್ಟು, ಅಲ್ಲೇ ಚೌಕಟ್ಟಿಗೆ ಒರಗಿದರು. ಬಿಸಿಲು ಗೋಡೆ ಬಿಟ್ಟು ಹೋಯಿತು. ಅಮ್ಮ ಓದುತ್ತಲೇ ಇದ್ದಳು. ಎಲ್ಲೂ ಆತುರವಿಲ್ಲ, ಎಲ್ಲೂ ಉಸಿರು ತಪ್ಪಲಿಲ್ಲ.

ಅಧ್ಯಾಯ ಮುಗಿಯಿತು. ಪುಸ್ತಕ ಮುಚ್ಚಿದ ಸದ್ದು. ಅಮ್ಮ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದಳು.

"ಉಶ್ಶಪ್ಪಾ... ನನ್ನ ಕನ್ನಡಕ ಎಲ್ಲಿಟ್ಟೆ? ಓ, ತಲೆ ಮೇಲೇ ಇದೆ," ಎಂದು ಒಬ್ಬಳೇ ನಕ್ಕಳು. ಕುರ್ಚಿ ಸರಿಯಿತು. "ಚಿನ್ನುಗೆ ಮನೇಲೇ ಓದಿ ಹೇಳಿದ್ರಾಯ್ತು. ಬಸ್ಸಲ್ಲಿ ಪಾಪ, ಏನು ಕೇಳಿಸತ್ತೆ... ಸರಿ ಕಣಪ್ಪಾ ಪೆಟ್ಟಿಗೆ. ಹೋಗಿ ಬರ್ತೀನಿ."

ಅಲ್ಲಿಗೆ ನಿಂತಿತು.

ಅವಳ ತುಟಿಯ ಮೇಲೆ ಏನೋ ಬಿದ್ದಿತು. ನಾಲಿಗೆಗೆ ತಾಗಿತು.

ಉಪ್ಪು!

"ಉಪ್ಪು..." ಎಂದಳು ಗಟ್ಟಿಯಾಗಿ, ಆಶ್ಚರ್ಯದಿಂದ. ಆಮೇಲೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆ ಇಟ್ಟು, ಮಗುವಿನ ಹಾಗೆ, ದನಿ ತೆಗೆದು ಅತ್ತಳು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋದರು.

ಅವನು ಎದ್ದು ಹೋಗಿ ನೀರು ಬಿಸಿ ಮಾಡಿ ತಂದು, ಅಮ್ಮನ ಲೋಟ ತುಂಬಿಸಿ ಅವಳ ಪಕ್ಕ ಇಟ್ಟ.

ಎಷ್ಟೋ ಹೊತ್ತಿನ ಮೇಲೆ ಅವಳು ತಲೆ ಎತ್ತಿದಳು.

"ದಿನಾ ಯಾಕೆ ಇಡ್ತಿದ್ರಿ?"

ಅವನು ನೆಲ ನೋಡಿದ. "ಮೊದಮೊದಲು ಅಮ್ಮನ ದನಿ ಅಂತ ಕೇಳ್ತಿದ್ದೆ. ಆಮೇಲೆ... ನಿಮ್ಮ ದನಿ ಬೇರೆ ಅಂತ ಗೊತ್ತಾಯ್ತು. ಸಾಲು ಮುಗಿಯೋ ಕಡೆ ನೀವು ಒಂಚೂರು ನಿಲ್ತೀರ. ಅಮ್ಮ ನಿಲ್ತಿರಲಿಲ್ಲ. ಆ ನಿಲ್ಲೋ ಜಾಗಕ್ಕೋಸ್ಕರ ನಾನು ಬೆಳಿಗ್ಗೆ ಬೇಗ ಬರ್ತಿದ್ದೆ." ಮಾತು ಮುಗಿಯುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. "ನಿಮ್ಮನ್ನ ಇಷ್ಟಪಡೋ ಯೋಗ್ಯತೆ ನನಗಿಲ್ಲ ಅಂದ್ಕೊಂಡು ಹೊರಟಿದ್ದೆ."

ಅವಳು ನೀರು ಕುಡಿದಳು. ಬೆಚ್ಚಗಿತ್ತು. ಗಂಟಲಿನಿಂದ ಇಳಿದು ಎದೆಯವರೆಗೂ ಹೋದದ್ದು ತಿಳಿಯಿತು.

"ಇದನ್ನ ಭಂಡಾರಕ್ಕೆ ಸೇರಿಸೋದು ಹೇಗೆ?"

"ಇವತ್ತಿನ ಓದಿನ ಜಾಗದಲ್ಲಿ ಇಟ್ಟಿದೀನಿ." ಅವನು ಹಿಂಜರಿದ. "ಇನ್ನು... 'ಮುಚ್ಚು' ಒತ್ತಿದ್ರೆ ಸಾಕು."

ಅವಳ ಕೈ ಮೌಸಿನ ಮೇಲೆ ಹೋಗಿ ನಿಂತಿತು. ಇಷ್ಟು ದಿನ ಯೋಚಿಸದೆ ಒತ್ತಿದ ಗುಂಡಿ. ಇವತ್ತು ಬೆರಳು ಏಳಲಿಲ್ಲ.

"ಆಗ್ತಿಲ್ಲ... ಅಮ್ಮ ಬೈತಾಳೆ."

ಮೊದಲ ದಿನ ತಡೆದ ಆ ಕೈ ಇವತ್ತು ಮೆಲ್ಲಗೆ ಅವಳ ಕೈಯ ಮೇಲೆ ಬಂದು ಕೂತಿತು. ಈ ಸಲ ಆ ಬಿಸಿ ತಾಗಿದ್ದು ಬೇರೆ ಯಾರದೋ ಕೈಗಲ್ಲ. ಅವಳ ಕೈಗೇ.

"ಕಾಯ್ತಿರೋರು ತುಂಬಾ ಜನ ಇದಾರೆ," ಎಂದ.

ಇಬ್ಬರೂ ಒತ್ತಿದರು.

ಪರದೆ ಕಪ್ಪಾಯಿತು. ಒಂದು ನಿಮಿಷ ಏನೂ ಕಾಣಲಿಲ್ಲ. ಅವಳು ಉಸಿರು ಹಿಡಿದಳು. ಆಮೇಲೆ ಬಿಳಿ ಅಕ್ಷರ:

*ಓದು ಭಂಡಾರ ಸೇರಿತು.*

ಯಂತ್ರ ಆರಿತು. ಕೋಣೆ ಅದೆಷ್ಟು ನಿಶ್ಶಬ್ದವಾಯಿತೆಂದರೆ, ಇಬ್ಬರ ಉಸಿರೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

"ಆ ಗುಂಡಿ ಹೆಸರು ಬದಲಾಯಿಸಬೇಕು," ಎಂದ ಅವನು. "ಮುಚ್ಚು ಅಂತ ಬರೆದಿದ್ದೇ ತಪ್ಪು. ನಾಳೆ ಬಂದು ಸರಿ ಮಾಡ್ತೀನಿ."

"ಏನಂತ ಬರೀತೀರಿ?"

"ಹೋಗಿ ಬರ್ತೀನಿ ಅಂತ."

ಅವಳ ಒದ್ದೆ ಮುಖದಲ್ಲಿ ನಗು ಬಂದಿದ್ದು ಅವಳಿಗೇ ಗೊತ್ತಾಗಲಿಲ್ಲ. "ನಾಳೆ ಅಂದ್ರಾ? ನೀವು ಹೊರಟಿದ್ರಲ್ಲಾ?"

ಅವನು ಬಾಗಿ ಚೀಲ ಎತ್ತಿಕೊಂಡ. ಬಾಗಿಲ ತನಕ ಹೋಗಿ, ಚೌಕಟ್ಟಿನ ಮೇಲೆ ಕೈಯಿಟ್ಟು ತಿರುಗಿದ.

"ಹೋಗಿ ಬರ್ತೀನಿ," ಎಂದ.

"ನಿಲ್ಲಿ," ಎಂದಳು ಅವಳು, ಲೋಟ ಮುಚ್ಚಿಟ್ಟು ಎದ್ದು. "ಬಸ್ ನಿಲ್ದಾಣದವರೆಗೂ ನಾನೂ ಬರ್ತೀನಿ."